ಎಕ್ಸೆಲ್ ಮ್ಯಾಕ್ರೋ ಓಡುತ್ತಿಲ್ಲವೇ? ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಹಚ್ಚುವ ಬಗೆ

ಮ್ಯಾಕ್ರೋ ಅಂದರೆ ಎಕ್ಸೆಲ್ ಕೆಲಸಗಳನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ. ‘ಮ್ಯಾಕ್ರೋ ಓಡ್ತಾ ಇಲ್ಲ’ ಅನ್ನುವ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಒಂದು, ಎಕ್ಸೆಲ್ ಅದನ್ನು ಓಡಲು ಬಿಟ್ಟೇ ಇಲ್ಲ. ಎರಡು, ಬಿಟ್ಟಿದೆ, ಆದರೆ ಬಟನ್ ಹೇಳುವ ಹೆಸರಿನ ಮ್ಯಾಕ್ರೋ ಅದಕ್ಕೆ ಸಿಗುತ್ತಿಲ್ಲ. ಮೂರು, ಮ್ಯಾಕ್ರೋ ಶುರುವಾಗಿ ನಡುವೆ ಎಲ್ಲೋ ಮುಗ್ಗರಿಸಿದೆ. ಮೊದಲನೆಯದಕ್ಕೆ ಕೋಡ್ ತಿದ್ದಿ ಪ್ರಯೋಜನವಿಲ್ಲ; ಮೂರನೆಯದಕ್ಕೆ ಸೆಕ್ಯುರಿಟಿ ಸೆಟ್ಟಿಂಗ್ ಸಡಿಲಿಸಿ ಪ್ರಯೋಜನವಿಲ್ಲ. ಆಫೀಸುಗಳಲ್ಲಿ ಅರ್ಧ ದಿನ ಹಾಳಾಗುವುದು ಹೆಚ್ಚಾಗಿ ಈ ಅದಲುಬದಲಿನಿಂದಲೇ. ಹಾಗಾಗಿ ಇವುಗಳಲ್ಲಿ ಯಾವುದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಕೈಹಾಕಿ.

ಇಲ್ಲಿ ಹೇಳುವುದು ವಿಂಡೋಸ್‌ನಲ್ಲಿ ಓಡುವ ಎಕ್ಸೆಲ್ 2016, 2019, 2021 ಮತ್ತು ಮೈಕ್ರೋಸಾಫ್ಟ್ 365 ಬಗ್ಗೆ. ಮೆನುಗಳ ಹೆಸರನ್ನು ಪರದೆಯಲ್ಲಿ ಕಾಣುವ ಹಾಗೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕೋಡ್‌ನ ಪದಗಳನ್ನು ಎಡಿಟರ್‌ನಲ್ಲಿ (ಕೋಡ್ ಬರೆಯುವ ಕಿಟಕಿ, ಆಲ್ಟ್ + ಎಫ್11) ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪರದೆಯಲ್ಲಿ ಬಂದದ್ದನ್ನು ಓದಿ, ಮುಚ್ಚಬೇಡಿ

ಸಂದೇಶ ಕಂಡೊಡನೆ ‘ಓಕೆ’ ಒತ್ತುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ. ಕಾರಣದ ಬಹುಪಾಲು ಆ ಸಂದೇಶದಲ್ಲೇ ಇರುತ್ತದೆ.

- ಮೇಲ್ಗಡೆ ಕೆಂಪು ಛಾಯೆಯ ಪಟ್ಟಿ, ‘ಸೆಕ್ಯುರಿಟಿ ರಿಸ್ಕ್’ ಎಂಬ ಬರಹ: ಫೈಲ್ ಇಂಟರ್ನೆಟ್‌ನಿಂದ ಬಂದದ್ದೆಂದು ಎಕ್ಸೆಲ್ ತಡೆದಿದೆ.
- ಹಳದಿ ಪಟ್ಟಿ, ‘ಎನೇಬಲ್ ಎಡಿಟಿಂಗ್’ ಅಥವಾ ‘ಎನೇಬಲ್ ಕಂಟೆಂಟ್’ ಬಟನ್: ನಿಮ್ಮ ಅನುಮತಿಗಾಗಿ ಕಾಯುತ್ತಿದೆ, ಅಷ್ಟೆ.
- ‘ಕೆನಾಟ್ ರನ್ ದ ಮ್ಯಾಕ್ರೋ’: ಮ್ಯಾಕ್ರೋ ಸಿಕ್ಕಿಲ್ಲ ಅಥವಾ ಮ್ಯಾಕ್ರೋಗಳೆಲ್ಲ ನಿಷ್ಕ್ರಿಯವಾಗಿವೆ.
- ‘ಕಂಪೈಲ್ ಎರರ್’: ಓಡುವ ಮೊದಲೇ ಕೋಡ್ ಓದಲಾಗದೆ ನಿಂತಿದೆ.
- ‘ರನ್-ಟೈಮ್ ಎರರ್’ ಮತ್ತು ಒಂದು ಸಂಖ್ಯೆ: ಓಡಿದೆ, ಒಂದು ಸಾಲಿನಲ್ಲಿ ಬಿದ್ದಿದೆ. ಸಂಖ್ಯೆ ಬರೆದಿಟ್ಟುಕೊಳ್ಳಿ.
- ಏನೂ ಬರಲಿಲ್ಲ, ಏನೂ ಆಗಲಿಲ್ಲ: ಇದೇ ಎಲ್ಲಕ್ಕಿಂತ ಕಿರಿಕಿರಿ. ಇದಕ್ಕೆ ಕೆಳಗೆ ಪ್ರತ್ಯೇಕ ಭಾಗವಿದೆ.

ಗೊಂದಲ ಉಳಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಖಾಲಿ ವರ್ಕ್‌ಬುಕ್ ತೆರೆದು ಆಲ್ಟ್ + ಎಫ್11 ಒತ್ತಿ, ಇನ್ಸರ್ಟ್ → ಮಾಡ್ಯೂಲ್ ಆರಿಸಿ, ಒಂದು ಎಂಎಸ್‌ಜಿಬಾಕ್ಸ್ (ಪರದೆಯಲ್ಲಿ ಸಂದೇಶ ತೋರಿಸುವ ಆದೇಶ) ಸಾಲಿರುವ ಪುಟ್ಟ ಸಬ್ (ಕೋಡ್‌ನಲ್ಲಿ ಬರೆದ ಒಂದು ಮ್ಯಾಕ್ರೋ) ಬರೆದು ಎಫ್5 ಒತ್ತಿ. ಅದು ಓಡಿತೆಂದರೆ ನಿಮ್ಮ ಎಕ್ಸೆಲ್ ಸರಿಯಾಗಿದೆ, ದೋಷ ಆ ಫೈಲಿನದು. ಆಲ್ಟ್ + ಎಫ್11 ಒತ್ತಿದರೂ ಎಡಿಟರ್ ತೆರೆಯದಿದ್ದರೆ ಆಫೀಸ್ ಇನ್‌ಸ್ಟಾಲ್ ಮಾಡುವಾಗ ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಭಾಗವನ್ನು ಬಿಟ್ಟಿರಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಕೀಗಳಿಗೆ ‘ಎಫ್‌ಎನ್’ ಕೀಯನ್ನೂ ಸೇರಿಸಿ ಒತ್ತಬೇಕಾಗುತ್ತದೆ. ಅದನ್ನು ಮೊದಲು ನೋಡಿಕೊಳ್ಳಿ.

ಫೈಲಿನಲ್ಲಿ ಮ್ಯಾಕ್ರೋ ಉಳಿದಿದೆಯೇ?

ಎಕ್ಸೆಲ್ 2007ರಿಂದ ಈಚೆಗೆ .ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲಿನಲ್ಲಿ ಮ್ಯಾಕ್ರೋ ಇರಲು ಸಾಧ್ಯವೇ ಇಲ್ಲ. ಮ್ಯಾಕ್ರೋ ಉಳಿಯುವುದು .ಎಕ್ಸ್‌ಎಲ್‌ಎಸ್‌ಎಂ, .ಎಕ್ಸ್‌ಎಲ್‌ಎಸ್‌ಬಿ ಮತ್ತು ಹಳೆಯ .ಎಕ್ಸ್‌ಎಲ್‌ಎಸ್ ಫೈಲುಗಳಲ್ಲಿ, ಟೆಂಪ್ಲೇಟ್‌ಗೆ .ಎಕ್ಸ್‌ಎಲ್‌ಟಿಎಂ, ಆಡ್-ಇನ್‌ಗೆ .ಎಕ್ಸ್‌ಎಲ್‌ಎಎಂ. ಯಾರೋ ಒಬ್ಬರು .ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ‘ಸೇವ್ ಆ್ಯಸ್’ ಮಾಡುವಾಗ ಎಕ್ಸೆಲ್ ಎಚ್ಚರಿಕೆ ಕೊಡುತ್ತದೆ, ಅವರು ‘ಯೆಸ್’ ಒತ್ತುತ್ತಾರೆ, ಕೋಡ್ ಪೂರ್ತಿ ಹೋಗುತ್ತದೆ. ಆ ಪ್ರತಿಯಿಂದ ಅದನ್ನು ಹಿಂದಕ್ಕೆ ತರಲು ದಾರಿಯಿಲ್ಲ. ಹಳೆಯ ಪ್ರತಿ, ಕಳಿಸಿದ ಇಮೇಲ್, ಒನ್‌ಡ್ರೈವ್‌ನ ‘ವರ್ಶನ್ ಹಿಸ್ಟರಿ’ ಇವುಗಳಲ್ಲಿ ಹುಡುಕಬೇಕು. ಫೈಲಿನ ಹೆಸರಿನ ಕೊನೆಯನ್ನು ಕೈಯಾರೆ ಬದಲಿಸಿದರೆ ಎಕ್ಸೆಲ್ ಅದನ್ನು ತೆರೆಯುವುದೂ ಇಲ್ಲ. ವಿಂಡೋಸ್ 11ರಲ್ಲಿ ಈ ಕೊನೆಯ ಅಕ್ಷರಗಳು ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ → ಶೋ → ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ.

ಎಲ್ಲಿ ತೆರೆದಿದ್ದೀರಿ ಎನ್ನುವುದೂ ಮುಖ್ಯ. ಮೊಬೈಲ್‌ನ ಎಕ್ಸೆಲ್, ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್, ಗೂಗಲ್ ಶೀಟ್ಸ್ ಇವು ಯಾವುವೂ ವಿಬಿಎ ಓಡಿಸುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲನ್ನು ಫೋನಿನಲ್ಲೇ ತೆರೆದು ‘ಬಟನ್ ಸತ್ತಿದೆ’ ಎನ್ನುವವರಿಗೆ ಉತ್ತರ ಇಷ್ಟೇ. ಮ್ಯಾಕ್‌ನಲ್ಲಿ ವಿಬಿಎ ಓಡುತ್ತದೆ, ಆದರೆ ವಿಂಡೋಸ್ ತಂತ್ರಜ್ಞಾನದ ಆ್ಯಕ್ಟಿವ್‌ಎಕ್ಸ್ ಬಟನ್‌ಗಳೂ ‘ಸ್ಕ್ರಿಪ್ಟಿಂಗ್.ಡಿಕ್ಷನರಿ’ಯಂಥ ವಿಂಡೋಸ್ ಲೈಬ್ರರಿಗಳೂ ಅಲ್ಲಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಅಷ್ಟಿಷ್ಟು ಓಡುತ್ತದೆ. ದಿನನಿತ್ಯದ ಕೆಲಸಕ್ಕೆ ಅದನ್ನು ನಂಬಿಕೊಳ್ಳದಿರುವುದೇ ಮೇಲು.

ಕೆಂಪು ಪಟ್ಟಿ: 2022ರ ನಂತರದ ದೊಡ್ಡ ತಲೆನೋವು

ಮೊದಲೆಲ್ಲ ಇಮೇಲ್‌ನಲ್ಲಿ ಬಂದ ಫೈಲಿಗೂ ‘ಎನೇಬಲ್ ಕಂಟೆಂಟ್’ ಒತ್ತಿದರೆ ಸಾಕಿತ್ತು. ಮ್ಯಾಕ್ರೋ ಮೂಲಕ ಹರಡುವ ವೈರಸ್‌ಗಳ ಕಾಟ ತಾಳಲಾರದೆ 2022ರಲ್ಲಿ ಮೈಕ್ರೋಸಾಫ್ಟ್ ಈ ಬಟನ್ನನ್ನೇ ತೆಗೆದುಹಾಕಿತು. ಇಂಟರ್ನೆಟ್‌ನಿಂದ ಬಂದ ಫೈಲುಗಳಲ್ಲಿ ಈಗ ಕಾಣುವುದು ಕೆಂಪು ಪಟ್ಟಿ ಮತ್ತು ‘ಲರ್ನ್ ಮೋರ್’ ಮಾತ್ರ.

ಇಂಟರ್ನೆಟ್‌ನಿಂದ ಬಂದದ್ದೆಂದು ಎಕ್ಸೆಲ್‌ಗೆ ಗೊತ್ತಾಗುವುದು ಹೇಗೆ? ಬ್ರೌಸರ್ ಅಥವಾ ಔಟ್‌ಲುಕ್ ಫೈಲನ್ನು ಉಳಿಸುವಾಗ ವಿಂಡೋಸ್ ಅದರ ಬೆನ್ನಿಗೆ ‘ಝೋನ್.ಐಡೆಂಟಿಫೈಯರ್’ ಎಂಬ ಅದೃಶ್ಯ ಚೀಟಿ ಅಂಟಿಸುತ್ತದೆ. ಅದರಲ್ಲಿ ಝೋನ್ ಸಂಖ್ಯೆ 3 ಎಂದಿದ್ದರೆ ಇಂಟರ್ನೆಟ್ ಎಂದರ್ಥ. ಈ ಚೀಟಿ ನಿಲ್ಲುವುದು ಎನ್‌ಟಿಎಫ್‌ಎಸ್ ಡಿಸ್ಕ್‌ಗಳಲ್ಲಿ ಮಾತ್ರ. ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹಾಕಿದಾಗ ಉದುರಿಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲ್ ಓಡಿ, ಅದೇ ಫೈಲ್ ಮೇಲ್‌ನಲ್ಲಿ ಹೋದಾಗ ಓಡದಿರುವುದಕ್ಕೆ ಇದೇ ಕಾರಣ.

ಚೀಟಿ ತೆಗೆಯುವ ಕ್ರಮ:

1. ಎಕ್ಸೆಲ್‌ನಲ್ಲಿ ಆ ಫೈಲನ್ನು ಮುಚ್ಚಿ. ತೆರೆದೇ ಇದ್ದರೆ ಬದಲಾವಣೆ ನಾಟುವುದಿಲ್ಲ.
2. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ.
3. ‘ಜನರಲ್’ ಟ್ಯಾಬ್‌ನ ತಳದಲ್ಲಿ ‘ಅನ್‌ಬ್ಲಾಕ್’ ಎಂಬ ಚೌಕವಿರುತ್ತದೆ. ಟಿಕ್ ಹಾಕಿ, ‘ಅಪ್ಲೈ’, ‘ಓಕೆ’ ಒತ್ತಿ.
4. ಮತ್ತೆ ತೆರೆಯಿರಿ. ಹಳದಿ ಪಟ್ಟಿ ಬಂದರೆ ‘ಎನೇಬಲ್ ಕಂಟೆಂಟ್’ ಒತ್ತಿ.

ಝಿಪ್‌ನಲ್ಲಿ ಬಂದಿದ್ದರೆ ಬಿಚ್ಚುವ ಮೊದಲು ಝಿಪ್ ಫೈಲನ್ನೇ ಅನ್‌ಬ್ಲಾಕ್ ಮಾಡಿ. ಇಲ್ಲವಾದರೆ ಒಳಗಿನ ಪ್ರತಿ ಫೈಲಿಗೂ ಚೀಟಿ ಅಂಟುತ್ತದೆ. ಆಗಲೇ ಬಿಚ್ಚಿಬಿಟ್ಟಿದ್ದು ಫೈಲುಗಳು ಹತ್ತಾರಿದ್ದರೆ ಪವರ್‌ಶೆಲ್‌ನ ‘ಅನ್‌ಬ್ಲಾಕ್-ಫೈಲ್’ ಆದೇಶ ಒಂದೇ ಏಟಿಗೆ ಮುಗಿಸುತ್ತದೆ. ‘ಅನ್‌ಬ್ಲಾಕ್’ ಚೌಕವೇ ಕಾಣದಿದ್ದರೆ ಫೈಲಿನ ಮೇಲೆ ಚೀಟಿ ಇಲ್ಲ ಎಂದರ್ಥ. ತಡೆ ಬೇರೆ ಕಡೆಯಿಂದ ಬಂದಿದೆ. ಉದಾಹರಣೆಗೆ ಆಫೀಸಿನ ಸರ್ವರ್ ಫೋಲ್ಡರನ್ನು ಹೆಸರಿನ ಬದಲು ಐಪಿ ವಿಳಾಸದಿಂದ ತೆರೆದರೆ, ನಡುವೆ ಚುಕ್ಕಿಗಳಿರುವ ಆ ವಿಳಾಸವನ್ನು ವಿಂಡೋಸ್ ಇಂಟರ್ನೆಟ್ ಎಂದೇ ಎಣಿಸುತ್ತದೆ. ಸರ್ವರ್‌ನ ಚುಟುಕು ಹೆಸರಿನಿಂದ ತೆರೆಯಿರಿ, ಇಲ್ಲವೇ ಇಂಟರ್ನೆಟ್ ಆಪ್ಶನ್ಸ್‌ನ ‘ಲೋಕಲ್ ಇಂಟ್ರಾನೆಟ್’ ಪಟ್ಟಿಗೆ ಆ ವಿಳಾಸ ಸೇರಿಸಿ.

ದಿನಾ ಬಳಸುವ ಫೈಲುಗಳಿಗೆ ಈ ಕಸರತ್ತು ಬೇಡ. ಫೈಲ್ → ಆಪ್ಶನ್ಸ್ → ಟ್ರಸ್ಟ್ ಸೆಂಟರ್ → ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್ → ಟ್ರಸ್ಟೆಡ್ ಲೊಕೇಶನ್ಸ್‌ಗೆ ಹೋಗಿ, ‘ಆ್ಯಡ್ ನ್ಯೂ ಲೊಕೇಶನ್’ ಒತ್ತಿ, ಮ್ಯಾಕ್ರೋ ಫೈಲುಗಳಿಗೆಂದೇ ಮಾಡಿದ ಒಂದು ಫೋಲ್ಡರ್ ಸೇರಿಸಿ. ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸಬೇಕಾದರೆ ‘ಸಬ್‌ಫೋಲ್ಡರ್ಸ್’ ಚೌಕಕ್ಕೆ ಟಿಕ್ ಹಾಕಬೇಕು. ಬಹಳ ಜನ ಮರೆಯುವುದು ಇದನ್ನೇ. ನೆಟ್‌ವರ್ಕ್ ಫೋಲ್ಡರ್ ಆದರೆ ಅದೇ ಪುಟದ ಕೆಳಗಿನ ‘ಅಲೌ ಟ್ರಸ್ಟೆಡ್ ಲೊಕೇಶನ್ಸ್ ಆನ್ ಮೈ ನೆಟ್‌ವರ್ಕ್’ ಕೂಡ ಬೇಕು. ಡೌನ್‌ಲೋಡ್ಸ್ ಫೋಲ್ಡರನ್ನೋ ಇಡೀ ಡಿ ಡ್ರೈವನ್ನೋ ಮಾತ್ರ ಇಲ್ಲಿ ಸೇರಿಸಬೇಡಿ.

‘ಮ್ಯಾಕ್ರೋ ಸೆಟ್ಟಿಂಗ್ಸ್’ ಪುಟದಲ್ಲಿ ನಾಲ್ಕು ಆಯ್ಕೆಗಳಿವೆ. ‘ಡಿಸೇಬಲ್ ವಿತ್ ನೋಟಿಫಿಕೇಶನ್’ ಇದ್ದರೆ ಸರಿ. ‘ವಿತೌಟ್ ನೋಟಿಫಿಕೇಶನ್’ ಆಗಿದ್ದರೆ ಹಳದಿ ಪಟ್ಟಿಯೂ ಬಾರದೆ ಮ್ಯಾಕ್ರೋ ಸದ್ದಿಲ್ಲದೆ ಸಾಯುತ್ತದೆ. ಕೊನೆಯ ಆಯ್ಕೆಯಾದ ‘ಎನೇಬಲ್ ಆಲ್ ಮ್ಯಾಕ್ರೋಸ್’ ಆರಿಸಿ ಎಂದು ಎಷ್ಟೋ ಯೂಟ್ಯೂಬ್ ವಿಡಿಯೋಗಳು ಹೇಳುತ್ತವೆ. ಅದು ಕೆಂಪು ಪಟ್ಟಿಗೆ ಮದ್ದಲ್ಲ. ನಾಳೆ ಬರುವ ಯಾವುದೋ ನಕಲಿ ಇನ್‌ವಾಯ್ಸ್ ಫೈಲಿಗೆ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ, ಅಷ್ಟೆ. ಈ ಆಯ್ಕೆಗಳೆಲ್ಲ ಮಸುಕಾಗಿ, ಒತ್ತಲು ಬಾರದಂತಿದ್ದರೆ ಕಂಪನಿಯ ಐಟಿ ವಿಭಾಗ ಗ್ರೂಪ್ ಪಾಲಿಸಿಯಿಂದ ಬಿಗಿ ಮಾಡಿದೆ. ಅಲ್ಲಿ ಅವರನ್ನೇ ಕೇಳಬೇಕು.

ಬಟನ್ ಒತ್ತಿದರೆ ‘ಕೆನಾಟ್ ರನ್’

ಸಂದೇಶದಲ್ಲಿ ಫೈಲಿನ ಹೆಸರು, ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಮ್ಯಾಕ್ರೋ ಹೆಸರು ಇರುತ್ತದೆ. ಫೈಲಿನ ಹೆಸರನ್ನು ಗಮನವಿಟ್ಟು ನೋಡಿ. ಒಂದು ವರ್ಕ್‌ಬುಕ್‌ನಿಂದ ಶೀಟನ್ನು ಇನ್ನೊಂದಕ್ಕೆ ನಕಲು ಮಾಡಿದಾಗ ಬಟನ್ ಹಳೆಯ ಫೈಲಿನ ಮ್ಯಾಕ್ರೋವನ್ನೇ ಹುಡುಕುತ್ತಿರುತ್ತದೆ. ಹಳೆಯ ಫೈಲ್ ಅದೇ ಕಂಪ್ಯೂಟರ್‌ನಲ್ಲಿದ್ದರೆ ಅದು ತಾನಾಗಿ ತೆರೆದುಕೊಂಡು ಓಡಿಬಿಡುತ್ತದೆ. ಬೇರೆಯವರಿಗೆ ಕಳಿಸಿದಾಗಲೇ ಗುಟ್ಟು ರಟ್ಟಾಗುವುದು. ಬಟನ್ ಮೇಲೆ ರೈಟ್ ಕ್ಲಿಕ್ → ಅಸೈನ್ ಮ್ಯಾಕ್ರೋ ಆರಿಸಿ, ‘ಮ್ಯಾಕ್ರೋಸ್ ಇನ್’ ಎಂಬಲ್ಲಿ ‘ದಿಸ್ ವರ್ಕ್‌ಬುಕ್’ ಇಟ್ಟು ಮತ್ತೆ ಜೋಡಿಸಿ.

ಪಟ್ಟಿಯಲ್ಲಿ ಮ್ಯಾಕ್ರೋ ಕಾಣುವುದೇ ಇಲ್ಲವೇ? ಆಲ್ಟ್ + ಎಫ್8 ಪಟ್ಟಿಗೆ ‘ಪ್ರೈವೇಟ್ ಸಬ್’ಗಳು ಬರುವುದಿಲ್ಲ, ಆವರಣದೊಳಗೆ ಆರ್ಗ್ಯುಮೆಂಟ್ (ಹೊರಗಿನಿಂದ ಕೊಡಬೇಕಾದ ಬೆಲೆ) ಕೇಳುವ ಸಬ್‌ಗಳು ಬರುವುದಿಲ್ಲ, ಫಂಕ್ಷನ್‌ಗಳೂ ಬರುವುದಿಲ್ಲ. ಮಾಡ್ಯೂಲ್‌ಗೂ ಮ್ಯಾಕ್ರೋಗೂ ಒಂದೇ ಹೆಸರಿಟ್ಟಿದ್ದರೆ ಎಕ್ಸೆಲ್ ತಬ್ಬಿಬ್ಬಾಗುತ್ತದೆ. ಮಾಡ್ಯೂಲ್ ಹೆಸರಿನ ಹಿಂದೆ ‘ಎಂಒಡಿ’ ಸೇರಿಸಿದರೆ ಸಾಕು.

ಆ್ಯಕ್ಟಿವ್‌ಎಕ್ಸ್ ಬಟನ್ ಆಗಿದ್ದರೆ ಮೊದಲು ಡೆವಲಪರ್ ಟ್ಯಾಬ್‌ನಲ್ಲಿ ‘ಡಿಸೈನ್ ಮೋಡ್’ ಆಫ್ ಆಗಿದೆಯೇ ನೋಡಿ. ಅದು ಆನ್ ಇದ್ದರೆ ಬಟನ್ ಒತ್ತಿದಾಗ ಸುತ್ತ ಚುಕ್ಕೆಗಳು ಕಾಣುತ್ತವೆಯೇ ಹೊರತು ಕೆಲಸ ನಡೆಯುವುದಿಲ್ಲ. ಇನ್ನೊಂದು ವಿಷಯ: 2025ರಿಂದ ಮೈಕ್ರೋಸಾಫ್ಟ್ 365ರಲ್ಲಿ ಆ್ಯಕ್ಟಿವ್‌ಎಕ್ಸ್ ಮೂಲತಃ ಆಫ್ ಆಗಿಯೇ ಬರುತ್ತಿದೆ. ಹೊಸದಾಗಿ ಮಾಡುವ ಶೀಟುಗಳಲ್ಲಿ ‘ಫಾರ್ಮ್ ಕಂಟ್ರೋಲ್ಸ್’ ಗುಂಪಿನ ಬಟನ್ ಬಳಸಿ. ಅದು ನೋಡಲು ಸಪ್ಪೆ, ಆದರೆ ಮ್ಯಾಕ್‌ನಲ್ಲೂ ಓಡುತ್ತದೆ.

ಕಂಪೈಲ್ ಎರರ್

ಎಡಿಟರ್‌ನಲ್ಲಿ ಡಿಬಗ್ → ಕಂಪೈಲ್ ವಿಬಿಎ ಪ್ರಾಜೆಕ್ಟ್ ಒತ್ತಿ. ಒಂದು ದೋಷ ತೋರಿಸಿದರೆ ತಿದ್ದಿ ಮತ್ತೆ ಒತ್ತಿ, ಆ ಮೆನು ಮಸುಕಾಗುವವರೆಗೆ.

‘ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ’ ಬಂದಾಗ ಎಡಿಟರ್ ನೀಲಿ ಬಣ್ಣದಲ್ಲಿ ತೋರಿಸುವ ಪದವನ್ನು ನಂಬಬೇಡಿ. ‘ಲೆಫ್ಟ್’, ‘ಟ್ರಿಮ್’, ‘ಡೇಟ್’ನಂಥ ನಿರಪರಾಧಿ ಪದಗಳ ಮೇಲೆ ಅದು ಬೆರಳು ತೋರಿಸುತ್ತದೆ. ನಿಜವಾದ ದೋಷ ಟೂಲ್ಸ್ → ರೆಫರೆನ್ಸಸ್ ಪಟ್ಟಿಯಲ್ಲಿ ‘ಮಿಸ್ಸಿಂಗ್’ ಎಂದು ಶುರುವಾಗುವ ಸಾಲಿನಲ್ಲಿದೆ. ಹೊಸ ಆಫೀಸ್ ಇರುವ ಕಂಪ್ಯೂಟರ್‌ನಲ್ಲಿ ಔಟ್‌ಲುಕ್ ಲೈಬ್ರರಿಗೆ ಟಿಕ್ ಹಾಕಿ ಉಳಿಸಿದ ಫೈಲನ್ನು ಹಳೆಯ ಆಫೀಸ್‌ನಲ್ಲಿ ತೆರೆದರೆ ಹೀಗಾಗುತ್ತದೆ. ಆ ಟಿಕ್ ತೆಗೆಯಿರಿ. ಆ ಲೈಬ್ರರಿ ನಿಜಕ್ಕೂ ಬೇಕಿದ್ದರೆ, ವೇರಿಯಬಲ್ಲನ್ನು (ಬೆಲೆ ಹಿಡಿದಿಡುವ ಹೆಸರು) ‘ಆ್ಯಸ್ ಆಬ್ಜೆಕ್ಟ್’ ಎಂದು ಘೋಷಿಸಿ ‘ಕ್ರಿಯೇಟ್‌ಆಬ್ಜೆಕ್ಟ್’ ಮೂಲಕ ಪಡೆಯಿರಿ. ಆಗ ಯಾವ ಆವೃತ್ತಿಯಲ್ಲಾದರೂ ನಡೆಯುತ್ತದೆ. ಆದರೆ ಲೈಬ್ರರಿಯ ‘ಓಎಲ್‌ಮೇಲ್‌ಐಟಮ್’ನಂಥ ಹೆಸರುಗಳು ಆಗ ಸಿಗುವುದಿಲ್ಲ, ಅವುಗಳ ಬದಲು ಸಂಖ್ಯೆ ಬರೆಯಬೇಕು (ಇದಕ್ಕೆ 0).

‘64-ಬಿಟ್ ಸಿಸ್ಟಮ್‌ಗೆ ಕೋಡ್ ಪರಿಷ್ಕರಿಸಿ, ಪಿಟಿಆರ್‌ಸೇಫ್ ಸೇರಿಸಿ’ ಎಂಬ ಅರ್ಥದ ಸಂದೇಶ ಬಂದರೆ, ವಿಂಡೋಸ್ ಎಪಿಐ (ವಿಂಡೋಸ್‌ನ ಒಳಗಿನ ಸೌಲಭ್ಯಗಳು) ಕರೆಯುವ ಹಳೆಯ ‘ಡಿಕ್ಲೇರ್’ ಸಾಲುಗಳಿವೆ ಎಂದರ್ಥ. ಆಫೀಸ್ 2019ರಿಂದ ತಾನಾಗಿ ಇನ್‌ಸ್ಟಾಲ್ ಆಗುವುದು 64-ಬಿಟ್. ನಿಮ್ಮದು ಯಾವುದೆಂದು ಫೈಲ್ → ಅಕೌಂಟ್ → ಅಬೌಟ್ ಎಕ್ಸೆಲ್‌ನಲ್ಲಿ ನೋಡಬಹುದು. ‘ಡಿಕ್ಲೇರ್’ ನಂತರ ‘ಪಿಟಿಆರ್‌ಸೇಫ್’ ಸೇರಿಸಿ. ವಿಂಡೋ ಹ್ಯಾಂಡಲ್ ಅಥವಾ ಪಾಯಿಂಟರ್ ಹಿಡಿಯುವ ವೇರಿಯಬಲ್‌ಗಳನ್ನು ಮಾತ್ರ ‘ಲಾಂಗ್’ನಿಂದ ‘ಲಾಂಗ್‌ಪಿಟಿಆರ್’ಗೆ ಬದಲಿಸಿ. ಕಂಡಕಂಡ ‘ಲಾಂಗ್’ ಎಲ್ಲ ಬದಲಿಸಿದರೆ ಎಕ್ಸೆಲ್ ಹೇಳದೆ ಕೇಳದೆ ಮುಚ್ಚಿಕೊಳ್ಳಬಹುದು.

ರನ್-ಟೈಮ್ ಎರರ್: ಸಂಖ್ಯೆಯೇ ಸುಳಿವು

ಇಲ್ಲಿ ‘ಡಿಬಗ್’ ಒತ್ತಿ. ಹಳದಿ ಬಣ್ಣದ ಸಾಲು ಕಾಣುತ್ತದೆ. ಅದರಲ್ಲಿರುವ ವೇರಿಯಬಲ್ ಮೇಲೆ ಮೌಸ್ ಇಟ್ಟರೆ ಆ ಕ್ಷಣದ ಬೆಲೆ ತೋರಿಸುತ್ತದೆ.

9 ಬಂದರೆ ಹೇಳಿದ ಹೆಸರಿನ ಶೀಟ್ ಅಥವಾ ತೆರೆದ ವರ್ಕ್‌ಬುಕ್ ಇಲ್ಲ. ಬಹಳ ಸಲ ಶೀಟಿನ ಹೆಸರಿನ ಕೊನೆಯಲ್ಲಿ ಕಾಣದ ಸ್ಪೇಸ್ ಇರುತ್ತದೆ. 13 ಅಂದರೆ ಸಂಖ್ಯೆ ಬೇಕಾದಲ್ಲಿ ಅಕ್ಷರವಿದೆ, ಅಥವಾ ಸೂತ್ರ ತಪ್ಪಿ ಸೆಲ್‌ನಲ್ಲಿ ಎರರ್ ಕುಳಿತಿದೆ. ಬ್ಯಾಂಕ್ ಪೋರ್ಟಲ್‌ನಿಂದ ನಕಲಿಸಿದ ಮೊತ್ತಗಳಲ್ಲಿ 160ನೇ ಸಂಖ್ಯೆಯ, ಒಡೆಯದ ಸ್ಪೇಸ್ ಅಡಗಿರುವುದುಂಟು. ‘ಟ್ರಿಮ್’ ಅದನ್ನು ತೆಗೆಯುವುದಿಲ್ಲ, ‘ರಿಪ್ಲೇಸ್’ನಲ್ಲಿ ‘ಸಿಎಚ್‌ಆರ್‌ಡಬ್ಲ್ಯೂ(160)’ ಕೊಡಬೇಕು. 6 ಅಂದರೆ ಓವರ್‌ಫ್ಲೋ: ಸಾಲಿನ ಸಂಖ್ಯೆ ಹಿಡಿಯಲು ‘ಇಂಟಿಜರ್’ ಬಳಸಿದ್ದೀರಿ, ಅದರ ಮಿತಿ 32,767. ಶೀಟಿನಲ್ಲಿ 10,48,576 ಸಾಲುಗಳಿವೆ, ‘ಲಾಂಗ್’ ಮಾಡಿ. 200 ಸಾಲಿನ ಪರೀಕ್ಷಾ ಫೈಲಿನಲ್ಲಿ ಓಡಿದ್ದು ವರ್ಷದ ಲೆಕ್ಕದಲ್ಲಿ ಬೀಳುವುದು ಹೀಗೆ. 91 ಬಂದರೆ ‘ಫೈಂಡ್’ ಏನನ್ನೂ ಕಂಡುಹಿಡಿಯದೆ ‘ನಥಿಂಗ್’ ಕೊಟ್ಟಿದೆ ಮತ್ತು ಕೋಡ್ ಅದನ್ನು ಪರೀಕ್ಷಿಸದೆ ಮುಂದೆ ಹೋಗಿದೆ, ಇಲ್ಲವೇ ‘ಸೆಟ್’ ಮರೆತಿದೆ.

1004 ಎಲ್ಲದಕ್ಕೂ ಬರುವ ಸಂಖ್ಯೆ. ಶೀಟ್ ಪ್ರೊಟೆಕ್ಟ್ ಆಗಿರಬಹುದು. ಎದುರಿಗಿಲ್ಲದ ಶೀಟಿನಲ್ಲಿ ‘ಸೆಲೆಕ್ಟ್’ ಮಾಡಹೊರಟಿರಬಹುದು. 31 ಅಕ್ಷರಕ್ಕಿಂತ ಉದ್ದದ ಅಥವಾ ಓರೆಗೆರೆಯಿರುವ ಹೆಸರನ್ನು ಶೀಟಿಗೆ ಕೊಡುತ್ತಿರಬಹುದು. ತಾರೀಖನ್ನೇ ಶೀಟಿನ ಹೆಸರಾಗಿಸುವ ಮ್ಯಾಕ್ರೋಗಳು ಮುಗ್ಗರಿಸುವುದು ಇಲ್ಲೇ. ಪ್ರೊಟೆಕ್ಷನ್‌ಗೆ ‘ಯೂಸರ್‌ಇಂಟರ್‌ಫೇಸ್‌ಓನ್ಲಿ’ ಬಳಸಿದ್ದರೆ ನೆನಪಿಡಿ, ಅದು ಫೈಲಿನ ಜತೆ ಉಳಿಯುವುದಿಲ್ಲ. ತೆರೆದಾಗಲೆಲ್ಲ ‘ವರ್ಕ್‌ಬುಕ್_ಓಪನ್’ನಲ್ಲಿ ಮತ್ತೆ ಹಚ್ಚಬೇಕು. ಇವತ್ತು ಓಡಿ ನಾಳೆ ಓಡದ ಮ್ಯಾಕ್ರೋಗಳಲ್ಲಿ ಇದೊಂದು ಸಾಮಾನ್ಯ ಬಗೆ.

52 ಅಥವಾ 53 ಬಂದು, ಫೈಲ್ ಕಣ್ಣೆದುರೇ ಇದ್ದರೆ, ಅದು ಒನ್‌ಡ್ರೈವ್ ಫೋಲ್ಡರಿನಲ್ಲಿದೆಯೇ ನೋಡಿ. ಅಲ್ಲಿ ‘ದಿಸ್‌ವರ್ಕ್‌ಬುಕ್.ಪಾತ್’ ನಿಮ್ಮ ಡಿಸ್ಕಿನ ದಾರಿಯ ಬದಲು ವೆಬ್ ವಿಳಾಸ ಕೊಡುತ್ತದೆ, ‘ಡಿಐಆರ್’ ಫಂಕ್ಷನ್‌ಗೆ ಅದು ಅರ್ಥವಾಗುವುದಿಲ್ಲ. ಫೋಲ್ಡರಿನ ದಾರಿಯನ್ನು ಒಂದು ಸೆಲ್‌ನಲ್ಲಿ ಬರೆದಿಟ್ಟು ಅಲ್ಲಿಂದ ಓದುವುದು ಸುಲಭದ ಪರಿಹಾರ.

ಕನ್ನಡ ಪಠ್ಯ ಇರುವಲ್ಲಿ ಬೇರೆಯದೇ ಬಲೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ ಭಾಗ ಇದು. ಎಕ್ಸೆಲ್ ಶೀಟು ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ), ವಿಬಿಎ ಒಳಗಿನ ಸ್ಟ್ರಿಂಗ್ ಕೂಡ ಯುನಿಕೋಡ್. ಆದರೆ ಕೋಡ್ ಬರೆಯುವ ಎಡಿಟರ್ ಮಾತ್ರ ವಿಂಡೋಸ್‌ನ ಹಳೆಯ ಕೋಡ್ ಪೇಜ್ (ಕೆಲವೇ ಅಕ್ಷರಗಳ ಸೀಮಿತ ಪಟ್ಟಿ) ಮೇಲೆ ನಿಂತಿದೆ, ಮತ್ತು ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲವೇ ಇಲ್ಲ. ಹಾಗಾಗಿ ‘ಹಾಜರಾತಿ’ ಎಂಬ ಶೀಟಿನ ಹೆಸರನ್ನು ಕೋಡ್‌ಗೆ ಪೇಸ್ಟ್ ಮಾಡಿದರೆ ಅಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳು ಬೀಳುತ್ತವೆ. ಓಡಿಸಿದರೆ ಎರರ್ 9.

ಶೀಟಿಗೆ ಮೂರು ಬಗೆಯಲ್ಲಿ ದಾರಿಯಿದೆ. ಎಲ್ಲಕ್ಕಿಂತ ಒಳ್ಳೆಯದು ಶೀಟಿನ ಕೋಡ್‌ನೇಮ್ ಬಳಸುವುದು. ಎಡಿಟರ್‌ನಲ್ಲಿ ಆ ಶೀಟನ್ನು ಆರಿಸಿ ಎಫ್4 ಒತ್ತಿ, ಮೇಲಿನ ಆವರಣದೊಳಗಿನ ‘ನೇಮ್’ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಡಬ್ಲ್ಯೂಎಸ್‌ಹಾಜರಾತಿ’ ಎಂಬಂಥ ಹೆಸರಿಡಿ. ಕೋಡ್‌ನಲ್ಲಿ ನೇರವಾಗಿ ಆ ಹೆಸರು ಬರೆದರೆ, ಟ್ಯಾಬ್‌ನ ಕನ್ನಡ ಹೆಸರನ್ನು ಯಾರು ಬದಲಿಸಿದರೂ ಮ್ಯಾಕ್ರೋ ಕೆಡುವುದಿಲ್ಲ. ಎರಡನೆಯದು, ಬೇಕಾದ ಕನ್ನಡ ಪದಗಳನ್ನೆಲ್ಲ ಒಂದು ‘ಸೆಟ್ಟಿಂಗ್’ ಶೀಟಿನ ಸೆಲ್‌ಗಳಲ್ಲಿ ಬರೆದು ಅಲ್ಲಿಂದ ಓದಿಸುವುದು. ಮೂರನೆಯದು ‘ಸಿಎಚ್‌ಆರ್‌ಡಬ್ಲ್ಯೂ’: ‘ಕ’ಕ್ಕೆ 3221, ‘ಹ’ಕ್ಕೆ 3257, ಹೀಗೆ ಪ್ರತಿ ಅಕ್ಷರವನ್ನೂ ಸಂಖ್ಯೆಯಾಗಿ ಪೋಣಿಸಬೇಕು. ಸಂಖ್ಯೆ ತಿಳಿಯಲು ಸೆಲ್‌ನಲ್ಲಿ ‘=ಯುನಿಕೋಡ್(ಮಿಡ್(ಎ1,2,1))’ ಎಂಬ ಸೂತ್ರ ಹಾಕಿದರೆ ಎ1ರ ಎರಡನೇ ಅಕ್ಷರದ್ದು ಸಿಗುತ್ತದೆ. ಒಂದೆರಡು ಪದಕ್ಕೆ ಸರಿ, ಹೆಚ್ಚಾದರೆ ಓದಲಾಗದ ಕೋಡ್.

‘ಎಂಎಸ್‌ಜಿಬಾಕ್ಸ್’ಗೆ ಕನ್ನಡ ಕೊಟ್ಟರೂ ಪ್ರಶ್ನಾರ್ಥಕಗಳೇ ಬರುತ್ತವೆ, ಸೆಲ್‌ನಿಂದ ಓದಿ ಕೊಟ್ಟರೂ ಅಷ್ಟೆ. ಒಂದು ಯೂಸರ್‌ಫಾರ್ಮ್ ಮಾಡಿ, ಅದರ ಲೇಬಲ್‌ಗೆ ಸೆಲ್‌ನಲ್ಲಿರುವ ಪಠ್ಯವನ್ನು ಓಡುವಾಗ ಹಾಕಿದರೆ ಕನ್ನಡ ಸರಿಯಾಗಿ ಮೂಡುತ್ತದೆ. ಫಾಂಟ್ ‘ನಿರ್ಮಲಾ ಯುಐ’ ಇಡಿ. ಕನ್ನಡ ಹೆಸರಿನ ಫೈಲುಗಳನ್ನು ಹುಡುಕಲು ‘ಡಿಐಆರ್’ ಬೇಡ, ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ ಬಳಸಿ.

ಇನ್ನು ‘ಹೋಲಿಕೆ ಆಗುತ್ತಿಲ್ಲ’ ಎಂಬ ದೂರು. ಎರಡು ಸೆಲ್‌ಗಳಲ್ಲಿ ಒಂದೇ ಹೆಸರು, ಕಣ್ಣಿಗೆ ಅಕ್ಷರವೂ ವ್ಯತ್ಯಾಸವಿಲ್ಲ, ಮ್ಯಾಕ್ರೋ ಮಾತ್ರ ಬೇರೆ ಬೇರೆ ಎನ್ನುತ್ತದೆ. ಎರಡಕ್ಕೂ ‘ಎಲ್‌ಇಎನ್’ ಸೂತ್ರ ಹಾಕಿ ಉದ್ದ ನೋಡಿ. ಒಂದರಲ್ಲಿ ಅರ್ಧಾಕ್ಷರ ಬಿಡಿಸಲು ಕೀಬೋರ್ಡ್ ಸೇರಿಸಿದ ಅದೃಶ್ಯ ಅಕ್ಷರ (8204) ಇರಬಹುದು. ‘ೋ’ ಸ್ವರಚಿಹ್ನೆ ಒಂದೇ ಅಕ್ಷರವಾಗಿಯೂ ಇರಬಹುದು, ತುಂಡುಗಳ ಜೋಡಣೆಯಾಗಿಯೂ ಇರಬಹುದು. ವಿಬಿಎಗೆ ಅವೆರಡೂ ಬೇರೆ. ಹಳೆಯ ಸರ್ಕಾರಿ ಕಡತಗಳಿಂದ ಬಂದ ದತ್ತಾಂಶವಾದರೆ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಯುನಿಕೋಡ್ ಅಲ್ಲ, ನುಡಿ ಅಥವಾ ಬರಹದ ಹಳೆಯ ಆಸ್ಕಿ ಪಠ್ಯ. ಮೊದಲು ಪರಿವರ್ತಕದಲ್ಲಿ ಹಾಯಿಸಿ ಯುನಿಕೋಡ್ ಮಾಡಿಕೊಳ್ಳದೆ ಮ್ಯಾಕ್ರೋ ತಿದ್ದುತ್ತ ಕೂರಬೇಡಿ.

ಸದ್ದೇ ಇಲ್ಲದಿದ್ದಾಗ

ಸೆಲ್ ತುಂಬಿದಾಗ ತಾನಾಗಿ ತಾರೀಖು ಹಾಕುವ, ಫೈಲ್ ತೆರೆದಾಗ ತಾನಾಗಿ ಓಡುವ ಮ್ಯಾಕ್ರೋಗಳು ಇವೆಂಟ್‌ಗಳ (ಎಕ್ಸೆಲ್ ಗುರುತಿಸುವ ಇಂಥ ಘಟನೆಗಳ) ಮೇಲೆ ನಿಂತಿರುತ್ತವೆ. ಅವು ಮೌನವಾದರೆ ಮೊದಲು ಜಾಗ ನೋಡಿ. ‘ವರ್ಕ್‌ಬುಕ್_ಓಪನ್’ ಇರಬೇಕಾದ್ದು ‘ದಿಸ್‌ವರ್ಕ್‌ಬುಕ್’ನಲ್ಲಿ, ‘ವರ್ಕ್‌ಶೀಟ್_ಚೇಂಜ್’ ಇರಬೇಕಾದ್ದು ಆಯಾ ಶೀಟಿನ ಕೋಡ್ ಪುಟದಲ್ಲಿ. ಸಾಮಾನ್ಯ ಮಾಡ್ಯೂಲ್‌ನಲ್ಲಿ ಬರೆದರೆ ಎಂದೂ ಓಡುವುದಿಲ್ಲ, ಎಂದೂ ದೂರುವುದೂ ಇಲ್ಲ. ಹೆಸರನ್ನು ಕೈಯಲ್ಲಿ ಟೈಪ್ ಮಾಡುವ ಬದಲು ಕೋಡ್ ಕಿಟಕಿಯ ಮೇಲಿನ ಎರಡು ಡ್ರಾಪ್‌ಡೌನ್‌ಗಳಿಂದ ಆರಿಸಿ.

ಜಾಗ ಸರಿಯಿದ್ದರೆ, ಇವೆಂಟ್‌ಗಳೇ ಆಫ್ ಆಗಿರಬಹುದು. ಯಾವುದೋ ಮ್ಯಾಕ್ರೋ ಶುರುವಿನಲ್ಲಿ ಅವನ್ನು ಆಫ್ ಮಾಡಿ, ಮತ್ತೆ ಆನ್ ಮಾಡುವ ಮೊದಲೇ ಎರರ್‌ಗೆ ಬಿದ್ದಿದೆ. ಅಲ್ಲಿಂದಾಚೆಗೆ ಆ ಎಕ್ಸೆಲ್‌ನಲ್ಲಿ ತೆರೆದ ಎಲ್ಲ ಫೈಲುಗಳ ಇವೆಂಟ್‌ಗಳೂ ಸತ್ತಂತೆಯೇ. ಎಡಿಟರ್‌ನಲ್ಲಿ ಕಂಟ್ರೋಲ್ + ಜಿ ಒತ್ತಿ ‘ಇಮಿಡಿಯೇಟ್’ ಕಿಟಕಿಯಲ್ಲಿ ಈ ಸಾಲು ಬರೆದು ಎಂಟರ್ ಒತ್ತಿ:

ಅಪ್ಲಿಕೇಶನ್.ಎನೇಬಲ್‌ಇವೆಂಟ್ಸ್ = ಟ್ರೂ

ಎಕ್ಸೆಲ್ ಮುಚ್ಚಿ ತೆರೆದರೂ ಸರಿಹೋಗುತ್ತದೆ. ‘ರೀಸ್ಟಾರ್ಟ್ ಮಾಡಿದ್ರೆ ಸರಿಯಾಗತ್ತೆ’ ಎಂಬ ಮಾತಿನ ಹಿಂದಿನ ಕಾರಣ ಬಹುತೇಕ ಇದೇ. ಆದರೆ ಮತ್ತೆ ಮರುಕಳಿಸದಿರಲು ಕೋಡ್‌ನ ಚೌಕಟ್ಟು ಹೀಗಿರಲಿ:

ಆನ್ ಎರರ್ ಗೋಟು ಕ್ಲೀನ್‌ಅಪ್
ಅಪ್ಲಿಕೇಶನ್.ಎನೇಬಲ್‌ಇವೆಂಟ್ಸ್ = ಫಾಲ್ಸ್
(ಇಲ್ಲಿ ನಿಮ್ಮ ಕೆಲಸದ ಸಾಲುಗಳು)
ಕ್ಲೀನ್‌ಅಪ್:
ಅಪ್ಲಿಕೇಶನ್.ಎನೇಬಲ್‌ಇವೆಂಟ್ಸ್ = ಟ್ರೂ
ಇಫ್ ಎರ್.ನಂಬರ್ <> 0 ದೆನ್ ಎಂಎಸ್‌ಜಿಬಾಕ್ಸ್ ಎರ್.ನಂಬರ್ & " " & ಎರ್.ಡಿಸ್ಕ್ರಿಪ್ಶನ್

‘ವರ್ಕ್‌ಶೀಟ್_ಚೇಂಜ್’ ಸೂತ್ರದ ಫಲಿತಾಂಶ ಬದಲಾದಾಗ ಓಡುವುದಿಲ್ಲ, ಕೈಯಿಂದ ಅಥವಾ ಕೋಡ್‌ನಿಂದ ಸೆಲ್ ಬದಲಾದಾಗ ಮಾತ್ರ. ಸೂತ್ರಕ್ಕೆ ‘ವರ್ಕ್‌ಶೀಟ್_ಕ್ಯಾಲ್ಕ್ಯುಲೇಟ್’ ಬೇಕು.

ಮೌನಕ್ಕೆ ಇನ್ನೊಂದು ಕಾರಣ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’. ಇದು ದೋಷ ತೆಗೆಯುವುದಿಲ್ಲ, ಮುಚ್ಚಿಡುತ್ತದೆ. ಆ ಸಾಲಿನ ಶುರುವಿನಲ್ಲಿ ಒಂಟಿ ಉದ್ಧರಣ ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿ, ಮತ್ತೆ ಓಡಿಸಿ. ಅಡಗಿದ್ದ ಎರರ್ ಹೊರಬರುತ್ತದೆ. ಎಡಿಟರ್‌ನ ಶೀರ್ಷಿಕೆಯಲ್ಲಿ ‘ಬ್ರೇಕ್’ ಎಂದಿದ್ದರೆ ಹಿಂದಿನ ಓಟ ಅರ್ಧಕ್ಕೆ ನಿಂತಿದೆ: ರನ್ → ರೀಸೆಟ್.

ಓಡಿದೆ, ಆದರೆ ತಾರೀಖು ಅದಲುಬದಲು

ಏಪ್ರಿಲ್ 3 ಎಂದು ಹಾಕಿದ್ದು ಮಾರ್ಚ್ 4 ಆಗಿದೆಯೇ? ‘03/04/2025’ ಎಂಬ ಪಠ್ಯವನ್ನು ವಿಬಿಎ ಮೂಲಕ ಸೆಲ್‌ಗೆ ಹಾಕಿದಾಗ ಎಕ್ಸೆಲ್ ಅದನ್ನು ಅಮೆರಿಕನ್ ಕ್ರಮದಲ್ಲಿ, ತಿಂಗಳು ಮೊದಲು, ಎಂದು ಓದುತ್ತದೆ. 13ರಿಂದ ಮುಂದಿನ ದಿನಾಂಕಗಳು ತಿಂಗಳಾಗಲಾರವಾದ್ದರಿಂದ ಅದಲುಬದಲಾಗುವುದಿಲ್ಲ. ಅದಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಪಠ್ಯವನ್ನು ಒಡೆದು ‘ಡೇಟ್‌ಸೀರಿಯಲ್(2025, 4, 3)’ ಎಂದು ಕೊಡಿ. ಸಿಎಸ್‌ವಿ ಫೈಲನ್ನು ‘ವರ್ಕ್‌ಬುಕ್ಸ್.ಓಪನ್’ನಿಂದ ತೆರೆಯುವಾಗ ‘ಲೋಕಲ್:=ಟ್ರೂ’ ಸೇರಿಸಿದರೆ ನಿಮ್ಮ ವಿಂಡೋಸ್‌ನ ಭಾರತೀಯ ದಿನಾಂಕ ಕ್ರಮವನ್ನು ಅನುಸರಿಸುತ್ತದೆ.

ಎಲ್ಲ ನೋಡಿದರೂ ಸಿಗದಿದ್ದರೆ

ಮ್ಯಾಕ್ರೋದೊಳಗೆ ಕರ್ಸರ್ ಇಟ್ಟು ಎಫ್8 ಒತ್ತುತ್ತ ಸಾಲು ಸಾಲಾಗಿ ನಡೆಸಿ. ಉದ್ದನೆಯ ಕೋಡ್ ಆದರೆ ಸಂಶಯದ ಸಾಲಿನಲ್ಲಿ ಎಫ್9 ಒತ್ತಿ ಕೆಂಪು ಚುಕ್ಕೆ ಹಾಕಿ, ಎಫ್5ರಿಂದ ಅಲ್ಲಿಯವರೆಗೆ ಓಡಿಸಿ. ವ್ಯೂ → ಲೋಕಲ್ಸ್ ವಿಂಡೋ ತೆರೆದಿಟ್ಟರೆ ಎಲ್ಲ ವೇರಿಯಬಲ್‌ಗಳೂ ಒಟ್ಟಿಗೆ ಕಾಣುತ್ತವೆ. ಪ್ರತಿ ಮಾಡ್ಯೂಲ್‌ನ ತಲೆಯಲ್ಲಿ ‘ಆಪ್ಶನ್ ಎಕ್ಸ್‌ಪ್ಲಿಸಿಟ್’ ಇರಲಿ; ವೇರಿಯಬಲ್ ಹೆಸರು ತಪ್ಪಿ ಬರೆದದ್ದೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ.

ಬೇರೆ ಆಡ್-ಇನ್ ಅಡ್ಡ ಬರುತ್ತಿದೆಯೇ ಎಂದು ತಿಳಿಯಲು ಕಂಟ್ರೋಲ್ ಕೀ ಹಿಡಿದುಕೊಂಡು ಎಕ್ಸೆಲ್ ತೆರೆದರೆ ಸೇಫ್ ಮೋಡ್ ಕೇಳುತ್ತದೆ. ‘ಪರ್ಸನಲ್.ಎಕ್ಸ್‌ಎಲ್‌ಎಸ್‌ಬಿ’ಯಲ್ಲಿಟ್ಟ ಮ್ಯಾಕ್ರೋಗಳು ಒಮ್ಮೆಗೇ ಮಾಯವಾಗಿದ್ದರೆ ಫೈಲ್ → ಆಪ್ಶನ್ಸ್ → ಆಡ್-ಇನ್ಸ್‌ನ ತಳದ ‘ಮ್ಯಾನೇಜ್’ನಲ್ಲಿ ‘ಡಿಸೇಬಲ್ಡ್ ಐಟಮ್ಸ್’ ಆರಿಸಿ ನೋಡಿ. ಎಕ್ಸೆಲ್ ಹಿಂದೆ ಕುಸಿದಾಗ ಅದನ್ನು ಅಲ್ಲಿಗೆ ತಳ್ಳಿರುತ್ತದೆ.

ಕೋಡ್ ಸರಿಯಿದ್ದೂ ವಿಚಿತ್ರ ವರ್ತನೆ ಮುಂದುವರಿದರೆ ವಿಬಿಎ ಪ್ರಾಜೆಕ್ಟೇ ಕೆಟ್ಟಿರಬಹುದು. ಪ್ರತಿ ಮಾಡ್ಯೂಲ್ ಮೇಲೆ ರೈಟ್ ಕ್ಲಿಕ್ → ಎಕ್ಸ್‌ಪೋರ್ಟ್ ಫೈಲ್ ಮಾಡಿ. ಮೂಲ ಫೈಲಿನ ಪ್ರತಿಯೊಂದನ್ನು .ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ ಮುಚ್ಚಿ ತೆರೆಯಿರಿ. ಕೆಟ್ಟ ಪ್ರಾಜೆಕ್ಟ್ ಉದುರಿರುತ್ತದೆ. ಅದನ್ನು .ಎಕ್ಸ್‌ಎಲ್‌ಎಸ್‌ಎಂ ಆಗಿ ಉಳಿಸಿ, ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿ. ಶೀಟುಗಳ ಮತ್ತು ‘ದಿಸ್‌ವರ್ಕ್‌ಬುಕ್’ನ ಕೋಡ್ ಇಂಪೋರ್ಟ್‌ನಿಂದ ತನ್ನ ಜಾಗಕ್ಕೆ ಹೋಗುವುದಿಲ್ಲ, ನಕಲಿಸಿ ಅಂಟಿಸಬೇಕು. ರೆಫರೆನ್ಸ್‌ಗಳಿಗೆ ಮತ್ತೆ ಟಿಕ್ ಹಾಕಬೇಕು. ಬಟನ್‌ಗಳನ್ನೂ ಒಂದೊಂದಾಗಿ ಒತ್ತಿ ನೋಡಿ.

ಬೇರೆಯವರ ನೆರವು ಕೇಳುವುದಾದರೆ ಎರರ್‌ನ ಸಂಖ್ಯೆ ಮತ್ತು ಪೂರ್ತಿ ವಾಕ್ಯ, ಹಳದಿಯಾದ ಸಾಲು, ಎಕ್ಸೆಲ್ ಆವೃತ್ತಿ, 32 ಅಥವಾ 64-ಬಿಟ್, ಫೈಲ್ ಇರುವ ಜಾಗ ಇಷ್ಟನ್ನು ಕಳಿಸಿ. ಪರದೆಯನ್ನು ಫೋನಿನಲ್ಲಿ ತೆಗೆದ ಫೋಟೋ ಬೇಡ, ಕೋಡ್ ಪಠ್ಯವಾಗಿಯೇ ಇರಲಿ; ಫೈಲ್ ಕಳಿಸುವ ಮೊದಲು ಸಿಬ್ಬಂದಿಯ ಆಧಾರ್, ಖಾತೆ ಸಂಖ್ಯೆಗಳಿರುವ ಕಾಲಂಗಳನ್ನು ಅಳಿಸಿ.